ಚೆಂಡಾಟದವನ ಬಾಣಂತನ

ಆಗ ನನಗೆ ಐವತ್ತಾರು. ಈ ಮಾತಿಗೆ ಮೂವತ್ತೊಂದು ವರ್ಷವಾಯಿತು. ಅಲ್ಲಿಯವರೆಗೆ ನಾನು ಫುಟ್‌ಬಾಲ್ ಆಟ ನೋಡಿರಲಿಲ್ಲ, ಅದಾದ ಮೇಲೂ ನೋಡಿಲ್ಲ. ಆದರೂ ಜರ್ಮನಿಯ ಒಬ್ಬ ದೊಡ್ಡ ಆಟಗಾರನ ಕಡೆಯ ಆಟ ತಪ್ಪಿಸಿದವಳು ನಾನೇ. ಅವನ ಹೆಸರು ನನ್ನ ಬಾಯಿಗೆ ಆಗಲೂ ಬರಲಿಲ್ಲ, ಈಗ ಬರೆಯಲು ಹೋದರೂ ಬರುವುದಿಲ್ಲ. ತಮ್ಮಾ ಎಂದು ಕರೆಯುತ್ತಿದ್ದೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಬರುವ ವಿದ್ಯೆ ಒಂದೇ, ಮೈಗೆ ಎಣ್ಣೆ ತಿಕ್ಕುವುದು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಬಾಣಂತಿಯರಿಗೆಲ್ಲ ನನ್ನ ಅತ್ತೆ ತಿಕ್ಕುತ್ತಿದ್ದಳು, ಅವಳ ಕೈ ಸೋತ ಮೇಲೆ ನಾನು. ಆ ಕೈ ಹಿಡಿದುಕೊಂಡೇ ಅಮೆರಿಕದ ಕ್ಯಾಂಪ್‌ಬೆಲ್ಲಿಗೆ ಬಂದದ್ದು. ಮಗಳು ಗಿರಿಜಾ ಹೆತ್ತಿದ್ದಳು. ಅವಳು ಸ್ವತಃ ಡಾಕ್ಟರು. ಆದರೆ ಡಾಕ್ಟರಿಗೆ ಹೆರಿಗೆಯಾದರೆ ಡಾಕ್ಟರು ಬಂದು ಎಣ್ಣೆ ಹಚ್ಚುತ್ತಾರೆಯೇ?

ಇಷ್ಟು ಮೈ ತಿಕ್ಕಿ ನಾನು ಕಂಡುಕೊಂಡದ್ದೆಂದರೆ, ಮುಖ ಸುಳ್ಳು ಹೇಳುತ್ತದೆ, ಮೊಣಕಾಲಿಗೆ ಅಷ್ಟು ಬುದ್ಧಿ ಇಲ್ಲ. ಪಾಪ, ಮೊಣಕಾಲನ್ನು ಕೇಳುವವರೂ ಇಲ್ಲ. ದೇವರ ಪಾದಕ್ಕೆ ಹಾಡು ಕಟ್ಟಿದವರುಂಟು, ಹೆಂಗಸಿನ ನಡುವಿಗೆ ಕಟ್ಟಿದವರಂತೂ ಬೇಕಾದಷ್ಟು. ಮೊಣಕಾಲಿಗೆ ಯಾರು ಕಟ್ಟಿದ್ದಾರೆ? ಗರಡಿಮನೆಯ ಪೈಲ್ವಾನರು ಕೂಡ ತೋಳು ತೋರಿಸುತ್ತಾರೆ, ಎದೆ ಉಬ್ಬಿಸುತ್ತಾರೆ. ಮೊಣಕಾಲು ನೋಡಿ ಎಂದವನನ್ನು ನಾನು ಕಂಡಿಲ್ಲ. ಅದು ನೋಯುವವರೆಗೆ ಅದಕ್ಕೆ ಹೆಸರೇ ಇಲ್ಲ.

ಒಂದು ದಿನ ಹಿತ್ತಲಲ್ಲಿ ಬಿಸಿಲಿಗೆ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಬೇಲಿಯ ಆಚೆ ಪಕ್ಕದ ಮನೆಯವನು ಕುರ್ಚಿಯ ಮೇಲೆ ಕಾಲು ಚಾಚಿ, ಬಾತ ಮೊಣಕಾಲಿನ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡಿದ್ದ. ನನಗೆ ತಡೆಯಲಿಲ್ಲ.

"ತಮ್ಮಾ! ತಗಿ ಅದನ್ನ! ಮಂಜುಗಡ್ಡಿ ಹೆಣಕ್ಕ ಇಡ್ತಾರ, ಬದುಕಿದ ಕಾಲಿಗಲ್ಲ!"

ಅವನಿಗೆ ಏನು ತಿಳಿಯಬೇಕು? ನನ್ನ ಕೂಗಿಗೆ ಅಳಿಯ ಒಳಗಿನಿಂದ ಓಡಿ ಬಂದ. ಅಳಿಯ ಬೆಂಗಳೂರಿನವನು, ಆಸ್ಟಿನ್ ಟೌನಿನಲ್ಲಿ ಬೆಳೆದವನು. ಅಲ್ಲಿಯ ಹುಡುಗರಿಗೆ ಈ ಚೆಂಡಾಟದ ಹುಚ್ಚಂತೆ.

"ಅತ್ತೆ, ಮೆಲ್ಲಗೆ! ಅವರು ಯಾರು ಗೊತ್ತಾ ನಿಮ್ಗೆ?"

"ಬಾಜೂ ಮನಿಯಂವ."

"ಅಯ್ಯೋ, ವರ್ಲ್ಡ್ ಫೇಮಸ್ಸು! ನಮ್ ರೂಮಿನ ಗೋಡೆ ಮೇಲೆ ಇವರ ಫೋಟೋ ಇತ್ತು. ಅವರ ಪಕ್ಕದ ಮನೆ ಸಿಕ್ತು ಅಂತ್ಲೇ ನಾನು ಈ ಮನೆ ಹಿಡಿದಿದ್ದು."

"ಇರ್ಲಿ. ಮೊದ್ಲ ಆ ಚೀಲ ತಗಿ ಅಂತ ಹೇಳ್ರಿ."

ಎರಡು ವರ್ಷದಿಂದ ಬೇಲಿಯ ಈಚೆ ನಿಂತು 'ಹಾಯ್' ಎಂದದ್ದೇ ಹೊರತು ಅಳಿಯನಿಗೆ ಬೇರೆ ಮಾತಾಡುವ ಧೈರ್ಯ ಬಂದಿರಲಿಲ್ಲ. ಆ ದಿನ ನನ್ನ ಬೈಗುಳವನ್ನು ಇಂಗ್ಲಿಷಿಗೆ ತಿರುಗಿಸುವ ನೆವದಲ್ಲಿ ಅರ್ಧ ಗಂಟೆ ಮಾತಾಡಿದ. ಮರುದಿನದಿಂದ ಜರ್ಮನಿಯವನು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಮ್ಮ ಹಿತ್ತಲಿಗೆ ಬರತೊಡಗಿದ. ಎಂಟೆಂದರೆ ಎಂಟು. ಅವರ ದೇಶದವರು ಹಾಗಂತೆ.

ಅವನಿಗೆ ಆಗ ನಲವತ್ತರ ಆಸುಪಾಸು. ಅಪ್ಪ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದನಂತೆ. ಇವನು ಚಿಂದಿ ಸುತ್ತಿದ ಚೆಂಡು ಒದೆಯುತ್ತ ಬೆಳೆದು, ಹದಿನೇಳಕ್ಕೆ ದೊಡ್ಡ ಟೀಮು ಸೇರಿ, ದೇಶದ ಪರವಾಗಿ ಆಡಿ ಹೆಸರು ಮಾಡಿದ. ಎರಡು ಸಲ ಮೊಣಕಾಲು ಕೊಯ್ಸಿಕೊಂಡ. ಅಲ್ಲಿ ಆಟ ಇಳಿಮುಖವಾದ ಮೇಲೆ ಇಲ್ಲಿಯವರು ಕರೆದರು, ಬಂದ. ಇಲ್ಲಿಯ ಟೀಮೂ ಮುಚ್ಚಿತು. ಈಗ ಶಾಲೆಯ ಮಕ್ಕಳಿಗೆ ಆಟ ಕಲಿಸಿಕೊಂಡು ಒಬ್ಬನೇ ಇದ್ದ. ಒಂದು ದಿನ ಹಳೆಯ ಫೋಟೋಗಳ ಆಲ್ಬಮ್ ತಂದು ತೋರಿಸಿದ. ಒಂದರಲ್ಲೂ ಅವನ ಕಾಲು ನೆಲದ ಮೇಲಿರಲಿಲ್ಲ. ಎಲ್ಲದರಲ್ಲೂ ಗಾಳಿಯಲ್ಲಿದ್ದ. ಕಾಲು ಹೀಗೇಕಾಯಿತು ಎಂದು ನಾನು ಕೇಳಬೇಕಾಗಲಿಲ್ಲ.

ನನಗೆ ಗೊತ್ತಿದ್ದ ಪಥ್ಯ ಒಂದೇ, ಬಾಣಂತಿಯದು. ಅವನಿಗೂ ಅದನ್ನೇ ಹೇಳಿದೆ. ಬಿಸಿ ಹರಳೆಣ್ಣೆ ತಿಕ್ಕಿ, ಕೆಂಡದ ಶಾಖ ಕೊಟ್ಟು, ಕಿವಿಗೆ ಹತ್ತಿ ಇಟ್ಟು, ತಲೆಗೆ ಉಣ್ಣೆಯ ಬಟ್ಟೆ ಕಟ್ಟಿದೆ. ತಣ್ಣೀರು ಇಲ್ಲ, ಬೀರಂತೂ ಇಲ್ಲವೇ ಇಲ್ಲ. ತಿನ್ನಲು ಅಂಟಿನ ಉಂಡಿ. ಕೆಂಡಕ್ಕೆ ಅವನು ತನ್ನ ಬಾರ್ಬೆಕ್ಯೂ ಒಲೆ ತಂದ. ಮಾಂಸ ಸುಟ್ಟ ಒಲೆ ನಮ್ಮ ಹಿತ್ತಲಿಗೆ ಬೇಡವೆಂದೆ. ಹೋಗಿ ಹೊಸದೊಂದು ಕೊಂಡು ತಂದ. ಕೂಸಿಗೆ ಹಾಲು ಕುಡಿಸುತ್ತ ಗಿರಿಜಾ ಇದನ್ನೆಲ್ಲ ನೋಡಿ ನಕ್ಕಳು.

"ಅವ್ವಾ, ಅಂವೇನು ಹಡದಾನೇನ?"

"ಎರಡ ಸಲ ಕೊಯ್ಸಿಕೊಂಡಾನ. ಹಡದಂಗ ಅದು."

"ನಾ ಡಾಕ್ಟರ್ ಇದ್ದೀನಿ ಮನ್ಯಾಗ. ಈ ಕಾಲಿನ ಮ್ಯಾಲೆ ಮತ್ತ ಓಡಿದ್ರ ಅಂವ ಕೋಲು ಹಿಡೀತಾನ."

"ನೀನು ಬಾಣಂತಿ ಇದ್ದೀ. ಸುಮ್ನ ಮಲ್ಕೋ."

ಎಷ್ಟು ದಿನ ಎಂದು ಅವನು ಅಳಿಯನ ಬಾಯಿಂದ ಕೇಳಿಸಿದ. ನಲವತ್ತು ದಿನ ಎಂದೆ. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು, ನನಗೆ ಗೊತ್ತಿದ್ದ ಲೆಕ್ಕ ಅದು. ಅವನ ಮುಖ ಇಳಿಯಿತು. ಇಪ್ಪತ್ತಮೂರನೆಯ ದಿನ ಸ್ಯಾನ್ ಹೋಸೆಯಲ್ಲಿ ಅವನಿಗೆ ಬೀಳ್ಕೊಡುಗೆಯ ಪಂದ್ಯ ಇತ್ತಂತೆ. ಜೊತೆಗೆ ಆಡಿದ್ದ ಹಳಬರು ಜರ್ಮನಿಯಿಂದ ಬರುವವರಿದ್ದರು. ಕಡೆಯ ಒಂದು ಆಟ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ನಲವತ್ತಲ್ಲ, ನಾನೂರು ದಿನವಾದರೂ ಅದು ಆಡುವ ಕಾಲಲ್ಲ ಎಂದು ಮೊದಲ ದಿನವೇ ನನ್ನ ಹೆಬ್ಬೆರಳಿಗೆ ಗೊತ್ತಾಗಿತ್ತು. ಚಿಪ್ಪಿನ ಕೆಳಗೆ ಎಲುಬಿಗೆ ಎಲುಬು ಉಜ್ಜುತ್ತಿತ್ತು. ಆದರೆ ಬಾಣಂತಿಗೆ ಮೊದಲ ದಿನವೇ ಎಲ್ಲ ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಶಾಖ ಕೊಡು, ಉಂಡಿ ಕೊಡು, ದಿನ ಕಳೆಯಲಿ. ಬಾಣಂತಿಯರು ದಿನ ಕಳೆದಂತೆ ಎದ್ದು ಓಡಾಡುತ್ತಾರೆ, ಯಾರೂ ಬಂದು ಲೆಕ್ಕ ಕೇಳುವುದಿಲ್ಲ. ಇವನು ಕೇಳುವವನಾಗಿದ್ದ. ಬಾವು ಇಳಿದದ್ದು ನೋಡಿ ದಿನದಿನಕ್ಕೂ ಹಿಗ್ಗುತ್ತಿದ್ದ, ನಾನು ಬಾಯಿ ಮುಚ್ಚಿಕೊಂಡು ತಿಕ್ಕುತ್ತಿದ್ದೆ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಬಂದವನು ಕೂರಲಿಲ್ಲ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ಏನೋ ಕೇಳಿದ. ಆಡಬಹುದೋ ಇಲ್ಲವೋ ನೀವೇ ಹೇಳಬೇಕಂತೆ ಎಂದು ಅಳಿಯ ತಿಳಿಸಿದ. ಅವನ ಡಾಕ್ಟರು ಬೇಡವೆಂದಿದ್ದನ್ನು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಳಿಯ ಕನ್ನಡದಲ್ಲಿ ಇನ್ನಷ್ಟು ಸೇರಿಸಿದ.

"ಅತ್ತೆ, ಹೂಂ ಅಂದ್ಬಿಡಿ. ಹತ್ತೇ ನಿಮಿಷ. ಅವರ ಜೀವನಾನೇ ಅದು."

"ಕೂಡಿಸ್ರಿ ಅವನ್ನ."

ಕೂರಿಸಿದ. ಮೊಣಕಾಲು ಮಡಿಸಿ, ಬಿಡಿಸಿ, ಹೆಬ್ಬೆರಳು ಒತ್ತಿದೆ. ಮೊದಲ ದಿನ ಇದ್ದದ್ದೇ ಇತ್ತು.

"ಆಗೂದಿಲ್ಲ ಅಂತ ಹೇಳ್ರಿ. ನಾಳೆ ಅಲ್ಲ, ಎಂದೂ ಆಗೂದಿಲ್ಲ."

ಅಳಿಯ ಇಂಗ್ಲಿಷಿನಲ್ಲಿ ಹೇಳತೊಡಗಿದ. ಬಹಳ ಹೊತ್ತು ಹೇಳಿದ, ನಡುವೆ ನಕ್ಕ, ಕೈ ಆಡಿಸಿದ. ಇಲ್ಲ ಎನ್ನುವುದಕ್ಕೆ ಯಾವ ಭಾಷೆಯಲ್ಲೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ಜರ್ಮನಿಯವನ ಮುಖ ಅರಳುತ್ತ ಬಂತು. ನನಗೆ ಬರುತ್ತಿದ್ದ ಇಂಗ್ಲಿಷು ನಾಲ್ಕು ಮಾತು. ಅದರಲ್ಲಿ ಒಂದನ್ನು ತೆಗೆದು ಹೇಳಿದೆ.

"ನೋ."

ಅವನು ಅಳಿಯನನ್ನು ನೋಡಿದ, ನನ್ನನ್ನು ನೋಡಿದ. ಅಳಿಯ ನೆಲ ನೋಡಿದ. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ ಇನ್ನೊಂದು ಸಲ ಹೇಳಿದೆ. ಅವನು ಮಡಿಸಿದ್ದ ಪ್ಯಾಂಟಿನ ಕಾಲು ಇಳಿಸಿಕೊಂಡು ಎದ್ದು, ನನಗೆ ತಲೆ ಬಾಗಿಸಿ, ಬೇಲಿ ಬಾಗಿಲಿನಿಂದ ಹೊರಟುಹೋದ.

ಪಂದ್ಯಕ್ಕೆ ಅಳಿಯ ಒಬ್ಬನೇ ಹೋದ. ಜರ್ಮನಿಯವನು ಕೋಟು ಹಾಕಿಕೊಂಡೇ ಮೈದಾನಕ್ಕೆ ಬಂದನಂತೆ. ಒಳ್ಳೆಯ ಕಾಲಿನಿಂದ ಚೆಂಡನ್ನು ಒಂದು ಸಲ ಮೆಲ್ಲಗೆ ಒದ್ದು, ಕೈ ಎತ್ತಿ ತೋರಿಸಿ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತನಂತೆ. ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರಂತೆ. ಉಣ್ಣಲು ಕೂತ ಅಳಿಯ ರೊಟ್ಟಿ ಮುರಿಯದೆ ಕೇಳಿದ.

"ಒಂದೇ ಒಂದು ಸಲ ಆಡಿದ್ರೆ ಏನಾಗ್ತಿತ್ತು ಅತ್ತೆ? ಕಾಲು ತಾನೆ?"

"ಅವನ ಕಾಲು. ನಿಮ್ದಲ್ಲ."

ಸರಿಯಾಗಿ ಹೇಳಿದೆನೋ ತಪ್ಪೋ, ಆ ಬಗ್ಗೆ ನಿದ್ದೆ ಕೆಡಿಸಿಕೊಂಡವಳಲ್ಲ ನಾನು. ಹೇಳುವುದನ್ನು ಇಪ್ಪತ್ತೊಂದು ದಿನ ತಡವಾಗಿ ಹೇಳಿದೆ, ಅದು ಮಾತ್ರ ತಪ್ಪು. ಆಸೆ ತೋರಿಸುವುದು ಪಥ್ಯದಲ್ಲಿ ಸೇರಿದ್ದಲ್ಲ, ನಾನು ಸೇರಿಸಿಬಿಟ್ಟಿದ್ದೆ. ಆಟಕ್ಕೆ ಕಡೆಯ ದಿನ ಎಂಬುದು ಉಂಟು, ಕಾಲಿಗೆ ಅದರ ಮರುದಿನವೂ ಬಚ್ಚಲಿನವರೆಗೆ ನಡೆಯುವ ಕೆಲಸ ಇರುತ್ತದೆ. ದೊಡ್ಡ ಆಟಗಾರನಾದರೆ ಏನು, ಅದನ್ನು ಅವನಿಗೆ ಯಾರೂ ಹೇಳಿದ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಎಂಟಾಯಿತು, ಅವನು ಬರಲಿಲ್ಲ. ಎಂಟೂವರೆಗೂ ಬರಲಿಲ್ಲ. ಕೂಸನ್ನು ಗಿರಿಜಾಳ ಕೈಗೆ ಕೊಟ್ಟು, ಎಣ್ಣೆ ಬಿಸಿ ಮಾಡಿಕೊಂಡು, ನಾನೇ ಹೋಗಿ ಅವನ ಬಾಗಿಲು ಬಡಿದೆ.