ನಡೆದು ಬಂದವಳನ್ನು ನಾನು ನೋಡಿದ್ದೆ

ನಾನು ಅವಳನ್ನು ನೋಡಿದ್ದೆ, ದಸ್ತಗೀರ. ಠಾಣೆಯಲ್ಲಿ ನಿನ್ನ ಎದುರಿಗೇ ನಿಂತು ನೋಡಿಲ್ಲ ಅಂದೆನಲ್ಲ — ಅದು ಸುಳ್ಳು. ನೋಡಿದ್ದಷ್ಟೇ ಅಲ್ಲ, ಅವಳನ್ನು ನಿನ್ನ ಮನೆಗೆ ಕಳಿಸಿದವನೇ ನಾನು. ಇದು ನಿನಗೆ ಗೊತ್ತು. ಊರಿಗೆ ಗೊತ್ತಿಲ್ಲ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಲಕ್ಷ್ಮೇಶ್ವರದಲ್ಲಿ ನನ್ನದೊಂದು ಸಣ್ಣ ಲಾಡ್ಜು, ಅಡರಕಟ್ಟಿಯಲ್ಲಿ ನಿನ್ನ ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಹೆಲ್ಗಾ ಎಂಬ ಪರದೇಶದ ಹೆಂಗಸು ಕುಂಟುತ್ತ ನನ್ನ ಲಾಡ್ಜಿಗೆ ಬಂದಳು. ಪಡುವಣ ಕಡಲಿನಿಂದ ಮೂಡಣ ಕಡಲಿಗೆ ನಡೆದೇ ಹೋಗುವ ಹಟ ಅವಳದು — ಚಕ್ಕಡಿಯನ್ನೂ ಹತ್ತುತ್ತಿರಲಿಲ್ಲ. ಪರದೇಶದವರನ್ನು ಇಳಿಸಿಕೊಂಡರೆ ಅವರ ಪಾಸ್‌ಪೋರ್ಟು, ವೀಸಾ, ದೇಶದೊಳಗೆ ಬಂದ ಮುದ್ರೆ ಎಲ್ಲವನ್ನೂ ಬರೆದು ಮರುದಿನದೊಳಗೆ ಪೊಲೀಸರಿಗೆ ಮುಟ್ಟಿಸಬೇಕು. ಮೊದಲಾದರೆ ಧಾರವಾಡ. ಈಗ ಗದಗದಲ್ಲಿ ಯಾವ ಕಚೇರಿ, ಯಾವ ಮೇಜು — ಯಾರಿಗೂ ಖಚಿತವಿರಲಿಲ್ಲ. ಯಾರಿಗೆ ಬೇಕು ಈ ಅಲೆದಾಟ ಎಂದು, ದಾರದುಂಡೆ ಕೊಳ್ಳಲು ಪೇಟೆಗೆ ಬಂದಿದ್ದ ನಿನಗೆ ಅವಳನ್ನು ಗಂಟುಹಾಕಿದೆ.

"ಕಾಗದದ್ದು ಏನಲೇ?" ಎಂದು ಕೇಳಿದ್ದೆ ನೀನು.

"ಅದು ನಂದು. ನೀ ಸುಮ್ನ ಕರ್ಕೊಂಡು ಹೋಗು."

ಅವಳ ಚೀಲವನ್ನು ಸೈಕಲ್ಲಿಗೆ ಹೇರಿ, ಸೈಕಲ್ ತಳ್ಳುತ್ತ ನೀನೂ ಅವಳ ಜೊತೆ ನಡೆದೆ. ನಿಮ್ಮ ಮನೆಯ ರೀತಿಯೇ ಹಾಗೆ. ಪಾದಯಾತ್ರೆಯವರು ಯಾವ ದೇವರಿಗೆ ಹೊರಟಿದ್ದರೂ ಮೊದಲು ನೀರು, ರೊಟ್ಟಿ. ಹೆಸರು, ಊರು ಕೇಳುವುದು ಆಮೇಲೆ. ನಿನ್ನ ಹೆಂಡತಿ ಹಸೀನಾ ಅವಳ ಬಾತ ಪಾದಗಳಿಗೆ ಬೇವಿನ ನೀರು ಕಾಯಿಸಿದಳು. ನಾನೂ ಬಂದು, ನೋಡಿ, ಚಹಾ ಕುಡಿದು ಹೋದೆ. ಅಂದೂ ಕಾಗದದ್ದು ಕೇಳಿದೆ ನೀನು. "ಆತಲೇ, ಮುಟ್ಟಿಸೀನಿ" ಅಂದೆ. ಮುಟ್ಟಿಸಿರಲಿಲ್ಲ — ನಾಳೆ, ನಾಡಿದ್ದು ಅಂತ...

ಯಾರೋ ಪೊಲೀಸರಿಗೆ ಸುದ್ದಿ ಹೇಳಿದರು. ಪೇದೆ ಬಂದು ನಿಮ್ಮಿಬ್ಬರನ್ನೂ ನಡೆಸಿಕೊಂಡೇ ಲಕ್ಷ್ಮೇಶ್ವರದ ಠಾಣೆಗೆ ತಂದ. ಲಾಡ್ಜಿನವನೆಂದು ನನಗೂ ಕರೆ ಬಂತು. ನಾನು ಒಳಗೆ ಕಾಲಿಟ್ಟಾಗ ನಿನ್ನ ಮುಖ ಅರಳಿತು — ಅದನ್ನು ಹೇಗೆ ಮರೆಯಲಿ? ನಮ್ಮವನು ಬಂದ, ಇನ್ನು ಮುಗಿಯಿತು ಅಂದುಕೊಂಡೆ ನೀನು. ನನ್ನ ಕಣ್ಣ ಮುಂದೆ ಇದ್ದದ್ದು ಲಾಡ್ಜಿನ ಲೈಸೆನ್ಸು.

"ಇಲ್ರಿ ಸಾಹೇಬ್ರ. ಈಕಿನ್ನ ನಾ ನೋಡೇ ಇಲ್ಲ."

ನೀನು ನೆಲ ನೋಡಿದೆ. ಆಮೇಲೆ ಮೆಲ್ಲಗೆ ಅಂದೆ — "ಹಂಗಾರ ನಂದ ತಪ್ಪರಿ. ಕಾಗದದ ಖಬರ ನನಗಿರಲಿಲ್ಲ." ನನ್ನ ಸುಳ್ಳನ್ನೂ ನೀನೇ ಹೊತ್ತೆ.

ಅವಳನ್ನು ಗದಗಿಗೆ ಒಯ್ಯಲು ಜೀಪು ಬಂತು. ನಡೆದೇ ಬರುತ್ತೇನೆಂದು ಸನ್ನೆ ಮಾಡಿ ಅತ್ತಳು. "ನಾನೂ ಸಂಗಾಟ ನಡಿತೀನ್ರಿ, ಓಡಿ ಹೋಗಂಗಿಲ್ಲ" ಎಂದು ನೀನು ಬೇಡಿಕೊಂಡೆ. ಯಾರೂ ಕೇಳಲಿಲ್ಲ. ಕಡಲಿನಿಂದ ಬಂದ ಅವಳ ನಡಿಗೆ ಅಲ್ಲಿಗೇ ಮುರಿಯಿತು.

'ಪರದೇಶದಾಕಿನ್ನ ಬಚ್ಚಿಟ್ಟವ' ಎಂಬ ಹೆಸರು ನಿನಗೆ ಅಂಟಿತು. ನೀನು ನನ್ನನ್ನು ಒಮ್ಮೆ ಬೈದಿದ್ದರೂ ಆಗುತ್ತಿತ್ತು. ಲೇ ಅನ್ನುತ್ತಿದ್ದವನು ರಿ ಅನ್ನತೊಡಗಿದೆ, ಅಷ್ಟೇ.

ಹೋದ ಶ್ರಾವಣದಲ್ಲಿ ಪಾದಯಾತ್ರೆಯವರ ಜೊತೆ ನಾನು ನಿಮ್ಮೂರು ಹಾದೆ. ನಿನ್ನ ಕಟ್ಟೆಯ ಮೇಲೆ ಕೊಡವಿತ್ತು, ಬೊಗಸೆಯೊಡ್ಡಿದೆ. ನೀನು ತಂಬಿಗೆ ಬಗ್ಗಿಸುವ ಮೊದಲು ಕೇಳಿದೆ — "ಹೆಸರೇನ್ರಿ? ಯಾವೂರ್ರಿ?"

ಚಡ್ಡಿ ಹಾಕುವ ಕಾಲದಿಂದ ಬಲ್ಲ ನನ್ನನ್ನು! ನಾನು ಹೇಳಿದೆ. ನೀನು ನೀರು ಹಾಕಿದೆ.

ಈ ಶುಕ್ರವಾರ ನಮಾಜು ಮುಗಿದು ಜನ ಹೊರಬರುವ ಹೊತ್ತಿಗೆ ಅಡರಕಟ್ಟಿಗೆ ಬರುತ್ತೇನೆ, ನಡೆದೇ. ನಿನ್ನ ಕಟ್ಟೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ — ಹೆಸರು, ಊರು, ಆಮೇಲೆ ಉಳಿದದ್ದು. ನೀರು ಕೇಳುವುದಿಲ್ಲ.