ಅಜ್ಜ ಮುಗಿಸದೆ ಬಿಟ್ಟ ಓದು

ನಿಮ್ಮ ಅಜ್ಜ ಮದ್ರಾಸಿಗೆ ಹೋಗಿ ಫೇಲಾಗಿ ಬಂದವರು ಎಂದು ನಮ್ಮ ನೆಂಟರು ತಮಾಷೆ ಮಾಡುವುದನ್ನು ನೀವೂ ಕೇಳಿದ್ದೀರಿ. ಕಳೆದ ಸಲ ಊಟಕ್ಕೆ ಕೂತಾಗ ನಿಮ್ಮಲ್ಲೇ ಒಬ್ಬರು ಹಾಗೆಂದು ನಕ್ಕರು. ನಾನು ಸಾರು ಬಡಿಸುತ್ತಾ ಮುಂದಕ್ಕೆ ಹೋದೆ. ನಾಲ್ಕು ಜನರ ಎದುರು ಮಾತಾಡಲು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಅರವತ್ತರ ದಶಕದ ಮೊದಲ ವರ್ಷಗಳು. ಅವರು ವಕೀಲಿ ಓದಿ, ಪುತ್ತೂರಿನ ಒಬ್ಬ ವಕೀಲರ ಕೈಕೆಳಗೆ ಸ್ವಲ್ಪ ಕಾಲ ಇದ್ದು, ಆಮೇಲೆ ಇನ್ನೂ ಮೇಲಿನ ಓದಿಗೆಂದು ಮದ್ರಾಸಿಗೆ ಹೋದರು. ಕಾರ್ಮಿಕರ ಕಾನೂನು, ಧಣಿಗೂ ಕೆಲಸದವರಿಗೂ ಇರುವ ಸಂಬಂಧ, ಇದು ಅವರ ವಿಷಯ. ಪಾಸಾದರೆ ಮಂಗಳೂರಿನಲ್ಲಿ ಸರಕಾರಿ ಕೆಲಸ ಸಿಗುವ ಅಂದಾಜಿತ್ತು. ಅಜ್ಜಾವರದ ಶಾಲೆಯಲ್ಲಿ ಎಂಟನೆಯವರೆಗೆ ಕಲಿತ ನನಗೆ ಅದೆಲ್ಲ ಏನು ಗೊತ್ತು? ಮಂಗಳೂರಿನಲ್ಲಿ ಮನೆ ಮಾಡುತ್ತೇವೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಕೊನೆಯ ವರ್ಷ ಒಂದು ಪ್ರಬಂಧ ಬರೆದು ಕೊಡಬೇಕಿತ್ತು. ಅವರು ಪುತ್ತೂರಿನ ಸುತ್ತ ಮನೆಗಳಲ್ಲಿ ಬೀಡಿ ಕಟ್ಟುವವರ ಬಗ್ಗೆ ಬರೆಯುತ್ತೇನೆಂದು ರಜೆಯಲ್ಲಿ ಬಂದರು. ಆದರೆ ಪ್ಯಾಂಟು ಹಾಕಿದ ಗಂಡಸು ಅಂಗಳಕ್ಕೆ ಬಂದರೆ ಹೆಂಗಸರು ಒಳಗೆ ಹೋಗಿಬಿಡುತ್ತಿದ್ದರು. ಕಡೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ನಾನು ಜಗಲಿಯಲ್ಲಿ ಕೂತು ತುಳುವಿನಲ್ಲಿ ಮಾತಾಡುವುದು, ಅವರು ಅಂಗಳದಲ್ಲೇ ನಿಂತು ಬರೆದುಕೊಳ್ಳುವುದು. ನಾಚಿಕೆಯಿಂದ ಮೊದಲ ಮನೆಯಲ್ಲಿ ನಾನು ಕೇಳಿದ್ದು ಅವರ ಹಸು ಕರು ಹಾಕಿದ್ದರ ಬಗ್ಗೆ ಮಾತ್ರ. ದಾರಿಯಲ್ಲಿ ಇವರು, ‘ಹಸುವಿನ ಮೇಲೆ ಪ್ರಬಂಧ ಬರೆಯುದಾ ಇನ್ನು?’ ಎಂದು ನಕ್ಕರು.

ಮನೆ ಮನೆಯಲ್ಲೂ ಒಂದೇ ಉತ್ತರ. ತೊಡೆಯ ಮೇಲೆ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಬೆರಳು ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಆದರೂ ಬೀಡಿ ಕಟ್ಟುವವರು ಯಾರೆಂದು ಕೇಳಿದರೆ ಗಂಡ ಎನ್ನುತ್ತಿದ್ದರು. ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಅಂಗಡಿಗೆ ಅಲ್ಲಿ ಬ್ರಾಂಚು ಎಂದು ಹೆಸರು. ಆ ಬ್ರಾಂಚಿನ ಲೆಕ್ಕದ ಪುಸ್ತಕದಲ್ಲಿ ಮನೆಯ ಗಂಡಸಿನ ಹೆಸರೇ ಇರುವುದು ವಾಡಿಕೆ. ಬ್ರಾಂಚಿನವನೋ, ತನ್ನ ಹತ್ತಿರ ಕೆಲಸದವರೇ ಇಲ್ಲ, ಎಲೆ ಕೊಡುವುದು ಬೀಡಿ ತೆಗೆದುಕೊಳ್ಳುವುದು ಬರೇ ವ್ಯಾಪಾರ ಎಂದ.

ಮದ್ರಾಸಿನ ಪ್ರೊಫೆಸರು, ಹಾಗಾದರೆ ಧಣಿ ಯಾರು, ಕಾರ್ಮಿಕರು ಯಾರು, ಕಟ್ಟುವುದು ನಾನೇ ಎಂದು ಒಬ್ಬ ಹೆಂಗಸಾದರೂ ತನ್ನ ಹೆಸರು ಹಾಕಿ ಹೇಳದಿದ್ದರೆ ಈ ಪ್ರಬಂಧಕ್ಕೆ ಬುಡವೇ ಇಲ್ಲ ಎಂದು ಕಾಗದ ಬರೆದರಂತೆ.

ಒಬ್ಬರು ಹೇಳಿದರು. ಅವರ ಗಂಡ ಐವರ್ನಾಡಿನ ಕಡೆ ರಬ್ಬರು ತೋಟದಲ್ಲಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ, ಬೀಡಿ ಎಲೆಯನ್ನು ಮುಟ್ಟಿದವನೂ ಅಲ್ಲ. ಮಗುವಿಗೆ ಹಾಲು ಕೊಡುತ್ತಲೇ ಬೀಡಿ ಕಟ್ಟುತ್ತಿದ್ದರು.

‘ಅಲ್ಲ ಅಕ್ಕ, ಅವರು ಊರಲ್ಲೇ ಇಲ್ಲವಲ್ಲ, ಮತ್ತೆ ಕಟ್ಟುದು ಯಾರು?’ ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. ‘ಕಟ್ಟುದು ನಾನೇ. ಬೀಡಿ ಮಾತ್ರ ಅವರದ್ದು.’ ಆಮೇಲೆ ಅಂಗಳದ ಕಡೆ ನೋಡಿ, ‘ಬರೆದುಕೊಳ್ಳಲಿ. ನನ್ನ ಹೆಸರೇ ಹಾಕಲಿ’ ಎಂದರು.

ಆ ದಿನ ಮನೆಗೆ ಬರುವಾಗ ಇವರು ಎಷ್ಟು ಜೋರಾಗಿ ನಡೆದರೆಂದರೆ ನನಗೆ ಹಿಂದೆ ಬರಲಿಕ್ಕೇ ಆಗಲಿಲ್ಲ.

ಮಾತು ಬ್ರಾಂಚಿಗೆ ಮುಟ್ಟಿತು. ಮುಂದಿನ ವಾರ ಆಕೆಗೆ ಎಲೆ ಕೊಡಲಿಲ್ಲ. ಇವರು ಹೋಗಿ ಕಾನೂನು ಹೇಳಿದರು. ಬ್ರಾಂಚಿನವನು ಬೀಡಿ ಕಟ್ಟುಗಳನ್ನು ಜೋಡಿಸುತ್ತಲೇ, ‘ಪುಸ್ತಕ ನೀವು ಬರೆಯಿರಿ ಮಾರಾಯ್ರೆ, ಅವರ ಮಗುವಿಗೆ ಗಂಜಿ ಯಾರು ಬರೆಯುದು?’ ಎಂದನಂತೆ. ಹೆಸರು ತೆಗೆದುಬಿಡುತ್ತೇನೆ, ಆ ಮನೆಯ ಮಾತೇ ಎತ್ತುವುದಿಲ್ಲ ಎಂದು ಇವರು ಮಾತು ಕೊಟ್ಟು ಬಂದರು. ಆಕೆಗೆ ಮತ್ತೆ ಎಲೆ ಸಿಕ್ಕಿತು.

ಪ್ರಬಂಧದಲ್ಲಿ ಉಳಿದದ್ದು ಗಂಡಸರ ಹೆಸರುಗಳು ಮಾತ್ರ. ಗಂಡಸರೇ ಕಟ್ಟುವವರೆಂದು ಬರೆದು ಕೊಟ್ಟರೆ ಪಾಸು ಮಾಡುತ್ತಿದ್ದರೋ ಏನೋ. ಸುಳ್ಳು ಬರೆದು ಪಾಸಾಗುವುದು ಬೇಡ ಎಂದು ಅವರು ಕೊಡಲೇ ಇಲ್ಲ. ಮರುವರ್ಷ ಬೇರೆ ವಿಷಯ ಹಿಡಿಯಬಹುದಿತ್ತು. ಅಷ್ಟರಲ್ಲಿ ಮಾವನವರು ಕಾಯಿಲೆ ಬಿದ್ದರು, ನಿಮ್ಮ ದೊಡ್ಡಮ್ಮ ಹುಟ್ಟಿದಳು, ಇವರು ರಾಮಕುಂಜದ ಕಡೆ ಮೇಷ್ಟ್ರ ಕೆಲಸಕ್ಕೆ ಸೇರಿದರು.

ಫೇಲಾದೆಯಾ ಎಂದು ಮಾವನವರು ಹಾಸಿಗೆಯಿಂದಲೇ ಕೇಳಿದಾಗ ಇವರು ಹೌದು ಎಂದರು. ಒಳಗೆ ಬಂದು ನನಗೆ, ‘ನೀನು ಯಾರಿಗೂ ಹೇಳುದು ಬೇಡ. ಕಾರಣ ಹೇಳಿದರೆ ಆ ಮನೆ ಯಾವುದೆಂದು ಕೇಳ್ತಾರೆ’ ಎಂದರು. ಮಾವನವರು ಅದನ್ನೇ ನಂಬಿಕೊಂಡು ತೀರಿಕೊಂಡರು. ಇವತ್ತಿಗೂ ನನಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ.

ಕೆಲವು ವರ್ಷ ಕಳೆದು, ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ಕಾನೂನು ಬಂತು. ಇವರು ಪೇಪರು ಹಿಡಿದು ಅಡುಗೆಮನೆಗೇ ಬಂದು ನನಗೆ ಓದಿ ಹೇಳಿದರು. ಎರಡು ಸಲ ಓದಿದರು. ಮತ್ತೆ ಶಾಲೆಗೆ ಹೊತ್ತಾಯಿತೆಂದು ಕೊಡೆ ತೆಗೆದುಕೊಂಡು ಹೋದರು.

ಈಗ ಅವರಿಲ್ಲ. ಆ ಅಕ್ಕನೂ ಹೋದ ಮಳೆಗಾಲದಲ್ಲಿ ತೀರಿಕೊಂಡರೆಂದು ತಿಳಿಯಿತು. ಇನ್ನು ಯಾರಿಗೂ ಎಲೆ ನಿಲ್ಲುವುದಿಲ್ಲ. ನಿಮ್ಮ ಅಜ್ಜ ಫೇಲಾದದ್ದಲ್ಲ, ಮಕ್ಕಳೇ. ಇದನ್ನು ಅವರ ಅಪ್ಪನಿಗೆ ಹೇಳಲಿಕ್ಕೆ ಆಗಲಿಲ್ಲ, ನಿಮಗಾದರೂ ಗೊತ್ತಿರಲಿ.