ಮೂರನೆಯದನ್ನು ಯಾರೂ ಕೇಳಲಿಲ್ಲ

ದೆಹಲಿಗೆ ಬಂದ ಮೇಲೆ ಒಂದು ದಿನ ಮಧ್ಯಾಹ್ನದ ಊಟದ ಭಾಂಡೆ ತಿಕ್ಕಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಗಡಬಡಿಸಿ ಕಸ ಹೊಡೆದು, ದೇವರ ಮುಂದೆ ದೀಪ ಹಚ್ಚಿ ಕೈಮುಗಿದೆ. ಆಮೇಲೆ ಫೋನಿನಲ್ಲಿ ನೋಡಿದರೆ ಇನ್ನೂ ಮೂರು ಗಂಟೆ. ಹೊತ್ತು ಮುಳುಗಿರಲಿಲ್ಲ, ಹೊಗೆ ಅದನ್ನು ಮುಚ್ಚಿಬಿಟ್ಟಿತ್ತು. ಎದುರು ಮನೆಯವರು ತಾರಸಿಯಲ್ಲಿ ಒಣಹಾಕಿದ ಬಟ್ಟೆಯೂ ಕಾಣುತ್ತಿರಲಿಲ್ಲ. ನಮ್ಮೂರು ಮೊರಬದ ಹೊಲದಲ್ಲಿ ನಿಂತರೆ ನವಲಗುಂದದ ಕಡೆಯಿಂದ ಬರುವ ಬಸ್ಸಿನ ಧೂಳು ಮೊದಲು ಕಾಣುತ್ತದೆ, ಬಸ್ಸು ಆಮೇಲೆ. ಅಂಥ ಎರೆಹೊಲದ ಬಯಲಿನಲ್ಲಿ ಬೆಳೆದ ಕಣ್ಣು ಇಲ್ಲಿ ಎಲ್ಲಿ ಊರಬೇಕೋ ತಿಳಿಯದೆ ಗೋಡೆಗೆ ಬಂದು ನಿಲ್ಲುತ್ತದೆ.

ಸಂಜೆ ಮಗಳು ನೀಲಾ ಕಾಲೇಜಿನಿಂದ ಬಂದಾಗ ಈ ಸುದ್ದಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. "ಇರಲಿ ಬಿಡವ್ವಾ, ಕತ್ತಲಂತೂ ಇತ್ತಲ್ಲ" ಎಂದು ಕೈಕಾಲು ತೊಳೆಯಲು ಹೋದಳು.

ನಾವಿಬ್ಬರೂ ಇರುವುದು ತಾರಸಿಯ ಮೇಲಿನ ಒಂದೇ ಕೋಣೆಯಲ್ಲಿ. ಇದಕ್ಕೆ ಇಲ್ಲಿಯವರು ಬರಸಾತಿ ಅನ್ನುತ್ತಾರೆ. ಹಿಂದೆ ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗಿದವರು ಮಳೆ ಬಂದರೆ ಹಾಸಿಗೆ ಎತ್ತಿಕೊಂಡು ಓಡಿ ಸೇರುತ್ತಿದ್ದ ಕೋಣೆಯಂತೆ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಮೊದಲ ವರ್ಷದವರಿಗೆಲ್ಲ ಜಾಗ ಸಿಗುವುದಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಬಿಡುವುದು ಹೇಗೆಂದು ನಾನು ಜೊತೆಗೆ ಬಂದೆ. ಊರಲ್ಲಿ ಮನೆ, ದನ, ಅಡಿಗೆ ಎಲ್ಲ ಅತ್ತಿಯವರ ಮತ್ತು ನೆಗೆಣ್ಣಿಯ ಕೈಯಲ್ಲಿದೆ. ನಮ್ಮ ಮನೆಯವರಿಗೆ ಹೊಲ ಬಿಟ್ಟು ಬರಲಾಗದು.

ಬಂದ ಹೊಸದರಲ್ಲಿ ಊರಿಂದ ತಂದ ಜೋಳ ಬೀಸಿಸಲು ಚಕ್ಕಿಗೆ ಹೋದೆ. ನಮ್ಮಲ್ಲಿ ಗಿರಣಿ ಅನ್ನುವುದಕ್ಕೆ ಇಲ್ಲಿ ಚಕ್ಕಿ. ಇಲ್ಲಿ ಜೋಳವೆಂದರೆ ದನದ ಮೇವು. ಚಕ್ಕಿಯವನು ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಮನೆಯಲ್ಲಿ ಎಮ್ಮೆ ಕಟ್ಟಿದ್ದೀರೇನು ಎಂದು ಕೇಳಿದ. ನನಗೆ ಬರುವುದು ನವಲಗುಂದದ ಸಂತೆಯಲ್ಲಿ ಕಲಿತ ಹಿಂದಿ. ಅದರಲ್ಲೇ, ಎಮ್ಮೆ ನಾನೇ, ಬೀಸಿಕೊಡಪ್ಪಾ ಅಂದೆ. ಅವನು ನಕ್ಕ. ಈಗ ಮಂಗಳವಾರ ಗೋಧಿ ಬೀಸಿದ್ದಾದ ಮೇಲೆ ಕಲ್ಲು ಒರೆಸಿ ನನ್ನ ಜೋಳ ಹಾಕುತ್ತಾನೆ. ಈ ಊರಿನಲ್ಲಿ ನಾನು ಗೆದ್ದದ್ದು ಅದೊಂದೇ.

ಹಿಟ್ಟು ಬಂದ ಮೊದಲ ದಿನ ರೊಟ್ಟಿ ಬಡಿಯತೊಡಗಿದೆ. ಕೆಳಗಿನಿಂದ ಮನೆಯೊಡತಿ ಓಡಿಬಂದು ಬಾಗಿಲು ತಟ್ಟಿದಳು. ನಾನು ನೀಲಾಳನ್ನು ಹೊಡೆಯುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, ನನ್ನ ಕೈಯ ಹಿಟ್ಟನ್ನೂ ಮೂಲೆಯಲ್ಲಿ ಓದುತ್ತ ಕುಳಿತ ಹುಡುಗಿಯನ್ನೂ ನೋಡಿದಳು. ನಾನು ಬಿಸಿ ರೊಟ್ಟಿಗೆ ಎಣ್ಣೆ, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ತಿನ್ನುತ್ತ ಅವಳು, ಮತ್ತೆ ಹುಡುಗಿಯ ಮುಖ ಯಾಕೆ ಹಾಗಿದೆ ಎಂದು ಕೇಳಿದಳು. ನೀಲಾ ಪುಟ ತಿರುಗಿಸಿದಳು.

ಅದು ಯಾಕೆ ಹಾಗಿದೆ ಎನ್ನುವುದನ್ನೇ ಹೇಳಬೇಕಿದೆ.

ನೀಲಾಳಿಗೆ ಮೂರು ಕಡೆ ಸೀಟು ಸಿಕ್ಕಿತ್ತು. ಒಂದು ದೆಹಲಿಯ ಈ ದೊಡ್ಡ ಕಾಲೇಜು, ಅರ್ಥಶಾಸ್ತ್ರಕ್ಕೆ. ಇನ್ನೊಂದು ಹೈದರಾಬಾದಿನಲ್ಲಿ, ಕಾನೂನು ಓದಲಿಕ್ಕೆ. ಮೂರನೆಯದು ಒಡಿಶಾದಲ್ಲಿ, ಸಮುದ್ರದ ಹತ್ತಿರದ ಒಂದು ವಿಜ್ಞಾನ ಸಂಸ್ಥೆ. ಮೂರೂ ಸುಲಭವಾಗಿ ಸಿಗುವಂಥವಲ್ಲ ಎಂದು ಅವಳ ಮಾಸ್ತರರು ಮನೆಗೇ ಬಂದು ಹೇಳಿ ಹೋದರು. ದೆಹಲಿ ಎಲ್ಲರಿಗೂ ಗೊತ್ತು. ಹೈದರಾಬಾದಿಗೆ ರೈಲು ಗೊತ್ತು. ಒಡಿಶಾದಲ್ಲಿ ನಮ್ಮವರು ಅಂತ ಒಬ್ಬರೂ ಇಲ್ಲ.

ಆದರೆ ಅವಳ ಮನಸ್ಸು ಇದ್ದದ್ದು ಅಲ್ಲೇ. ಅಲ್ಲಿ ಮಣ್ಣು, ಕಲ್ಲು, ಭೂಮಿಯ ಒಳಗಿನದನ್ನು ಓದಿಸುತ್ತಾರೆ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರುಕು ಬಿಡುತ್ತದಲ್ಲ, ಆ ಬಿರುಕಿನೊಳಗೆ ಜೋಳದ ದಂಟು ಇಳಿಸಿ ಎಷ್ಟು ಆಳ ಎಂದು ನೋಡುವುದು ಸಣ್ಣವಳಿದ್ದಾಗಿನಿಂದ ಅವಳ ಆಟ. ದಂಟಿಗೆ ದಂಟು ಕಟ್ಟಿ ಇಳಿಸುತ್ತಿದ್ದಳು. ಅವಳ ಅಪ್ಪ, "ಪಾತಾಳದಾಗ ನಿನಗ ಗಂಡು ಹುಡುಕಲಿಕ್ಕೆ ಹತ್ತೀಯೇನಲೇ" ಎಂದು ಚಾಷ್ಟಿ ಮಾಡುತ್ತಿದ್ದರು.

ಒಡಿಶಾದ್ದು ಬೇಕು ಎಂದು ಅವಳು ನನಗೆ ಹೇಳಿದ್ದಳು. ನಾನು ಮನೆಯವರಿಗೆ ಹೇಳಿದೆ. ಅವರು ಅತ್ತಿಯವರ ಕಡೆ ಕೈ ತೋರಿಸಿದರು. ಆ ಮಾತನ್ನು ಅತ್ತಿಯವರ ತನಕ ನಾವಿಬ್ಬರೂ ಒಯ್ಯಲಿಲ್ಲ. ಅತ್ತಿಯವರು ನೀಲಾಳನ್ನು ಕರೆದು ಬಾಜು ಕೂಡಿಸಿಕೊಂಡು, ಎಲ್ಲಿಗೆ ಹೋಗತಿ ಹೇಳು ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಿರಿಯರು ಹಾಗೆ ಕೇಳಿದರೆ ಹೇಳುವ ಮಾತು ಒಂದೇ. "ನೀವು ಹ್ಯಾಂಗ ಹೇಳ್ತೀರಿ ಹಂಗ, ಆಯಿ" ಅಂದಳು ನೀಲಾ. ಹಾಗೆ ಹೇಳಬೇಕೆಂದು ಕಲಿಸಿದವರು ನಾವೇ. ಅತ್ತಿಯವರು, ಹಂಗಾದ್ರ ಹೂವು ಕೇಳೂಣು ಅಂದರು.

ಊರ ಗುಡಿಯಲ್ಲಿ ಹೂವು ಕೇಳುವುದೆಂದರೆ ಲಿಂಗದ ಬಲಕ್ಕೊಂದು ಎಡಕ್ಕೊಂದು ಹೂವಿನ ಎಸಳನ್ನು ನೀರು ಹಚ್ಚಿ ಅಂಟಿಸಿ ಕಾಯುವುದು. ಯಾವ ಕಡೆಯ ಎಸಳು ಮೊದಲು ಬೀಳುತ್ತದೋ ಅದು ದೇವರ ಮಾತು. ಹೆಣ್ಣು ಕೊಡುವಾಗ, ಬೋರು ಕೊರೆಸುವಾಗ ನಾವು ಕೇಳಿಕೊಂಡು ಬಂದದ್ದೇ. ಆದರೆ ಅವೆಲ್ಲ ಹೌದು ಅಥವಾ ಬೇಡ ಎನ್ನುವ ಪ್ರಶ್ನೆಗಳು. ಇಲ್ಲಿ ಇದ್ದದ್ದು ಮೂರು, ಲಿಂಗಕ್ಕೆ ಎರಡೇ ಬಾಜು. ಪೂಜಾರಿಯೇ ದಾರಿ ಹೇಳಿದ: ಮೊದಲು ದೆಹಲಿ, ಹೈದರಾಬಾದು ಕೇಳೋಣ, ಯಾವುದು ಗೆಲ್ಲುತ್ತದೋ ಅದನ್ನೂ ಒಡಿಶಾವನ್ನೂ ಆಮೇಲೆ ಕೇಳೋಣ.

ಬಲಕ್ಕೆ ದೆಹಲಿ ಇತ್ತು, ಎಡಕ್ಕೆ ಹೈದರಾಬಾದು. ಬಲದ ಎಸಳು ಬಿತ್ತು. ಯಾರೋ ಗಂಟೆ ಹೊಡೆದರು. ಪೂಜಾರಿ ಅಭ್ಯಾಸದ ಕೈಯಿಂದ ಕಾಯಿ ಒಡೆದ. ಮನೆಯವರು ಪೇಢೆಯ ಡಬ್ಬಿ ಬಿಚ್ಚಿ, ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೂ ಹಂಚಿಬಿಟ್ಟರು. "ಮೊರಬದ ಹುಡುಗಿ ದಿಲ್ಲಿಗೆ ಹೊಂಟಾಳ್ರಿ" ಎಂದು ಯಾರೋ ಕೂಗಿದರು. ಕಾಯಿ ಒಡೆದ ಮೇಲೆ ಕೇಳುವುದು ಮುಗಿಯಿತು. ಒಡೆದ ಕಾಯಿಯ ಮುಂದೆ ಇನ್ನೊಂದು ಪ್ರಶ್ನೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ನೀಲಾ ಅಂಗೈಯಲ್ಲಿ ಪೇಢೆ ಹಿಡಿದುಕೊಂಡು, ಇನ್ನೂ ಅಂಟಿಕೊಂಡೇ ಇದ್ದ ಎಡದ ಎಸಳನ್ನು ನೋಡುತ್ತ ನಿಂತಿದ್ದಳು.

ಇಲ್ಲಿ ಅವಳು ಚೆನ್ನಾಗಿ ಓದುತ್ತಾಳೆ. ಅಂಕ ಬರುತ್ತವೆ. ಜೊತೆಯ ಹುಡುಗಿಯರು ದೊಡ್ಡ ಮನೆಯವರು, ಒಳ್ಳೆಯವರೇ. ನೀವು ಯಾಕೆ ಅರ್ಥಶಾಸ್ತ್ರ ತೆಗೆದುಕೊಂಡಿರಿ ಎಂದು ಕಾಲೇಜಿನಲ್ಲಿ ಎಲ್ಲರನ್ನೂ ಕೇಳಿದರಂತೆ. ಒಬ್ಬೊಬ್ಬರದೂ ಒಂದೊಂದು ಕಾರಣ. ನೀನು ಏನು ಹೇಳಿದಿ ಎಂದು ಕೇಳಿದೆ. "ಇಷ್ಟ ಅಂತ ಹೇಳಿದ್ನಿ. ಮತ್ತೇನು ಹೇಳಬೇಕಿತ್ತು, ಹೂವು ಬಿತ್ತು ಅಂತೇನು?"

ಚಳಿ ಹೆಚ್ಚಿದ ಒಂದು ಭಾನುವಾರ, ಅಂಗಳದಷ್ಟು ಬಿಸಿಲು ತಾರಸಿಗೆ ಬಂದಿತ್ತು. ಅವಳ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ನನಗೆ ಬೆನ್ನು ಮಾಡಿ ಕುಳಿತದ್ದರಿಂದಲೋ ಏನೋ, ಆ ದಿನ ಮಾತಾಡಿದಳು. ಒಡಿಶಾದ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಬಹುದು, ಸಿಗುತ್ತದೆ ಅಂತ ಏನೂ ಇಲ್ಲ, ಆದರೂ ಬರೆಯಬಹುದು. ಆಯಿಯನ್ನು ಕೇಳು ಅಂದಳು.

ಅಂದೇ ಫೋನ್ ಮಾಡಿದೆ. ಅತ್ತಿಯವರು ಹಿಂಗಾರಿ ಜೋಳ, ಕಡಲೆ, ನೆಗೆಣ್ಣಿಯ ಮೊಣಕಾಲು ನೋವು ಎಲ್ಲ ಹೇಳಿ ಮುಗಿಸುವವರೆಗೆ ಕಾದು, ನೀಲಾಳ ಮನಸ್ಸು ಮೊದಲಿನಿಂದಲೂ ಆ ಮೂರನೆಯದರ ಮೇಲೆ ಇತ್ತು ಎಂದು ಹೇಳಿದೆ.

"ಆಕಿ ನನ್ನ ಮುಂದ ಒಂದ ಮಾತು ಅಂದಿದ್ರ ನಾ ದೇವರ ತನಕ ಯಾಕ ಹೋಗತಿದ್ನೆವಾ" ಅಂದರು. "ಕೂಸು ಏನೂ ಹೇಳವಲ್ದು, ತನಗೂ ತಿಳಿವಲ್ದು ಅಂತ ಹೂವು ಕೇಳಿದ್ನಿ. ಇಲ್ಲಾಂದ್ರ ನನಗ ದಿಲ್ಲಿ ಅಷ್ಟ, ಒಡಿಶಾ ಅಷ್ಟ." ಆಮೇಲೆ, "ಈಗ ದೇವರು ಕೊಟ್ಟದ್ದನ್ನ ಒಲ್ಲೆ ಅಂತ ನಾ ಹ್ಯಾಂಗ ಅನ್ನಲಿ. ಅದೊಂದು ನನ್ನ ಬಾಯಿಲೆ ಅನಿಸಬ್ಯಾಡ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ಮಾವನವರು ತೀರಿಕೊಂಡಾಗ ಕೇಳಿದ್ದು, ಆಮೇಲೆ ಇದೇ.

ನೀಲಾಳಿಗೆ ಮುಚ್ಚಿಡದೆ ಎಲ್ಲ ಹೇಳಿದೆ. ಅವಳು ಹೆಣೆದ ಜಡೆಯ ತುದಿಯನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

"ಹಂಗಾದ್ರ ನಾ ಯಾರ ಮ್ಯಾಲೆ ಸಿಟ್ಟಾಗಲೆವ್ವಾ?" ಅಂದಳು.

ಇಷ್ಟು ದಿನ ಸಿಟ್ಟಾದರೂ ಅವಳಿಗೆ ಆಸರೆಯಾಗಿತ್ತು. ನಾನು ಅದನ್ನೂ ಕಸಿದುಕೊಂಡೆ. ಪರೀಕ್ಷೆಯ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಅರ್ಜಿ ತುಂಬುವ ದಿನಗಳು ಬಂದವು, ಹೋದವು. ಆ ದಿನಗಳಲ್ಲಿ ನಾನು ರೊಟ್ಟಿ ಬಡಿಯುವಾಗಲೂ ಅವಳ ಕಡೆಗೇ ನೋಡುತ್ತಿದ್ದೆ. ಅವಳು ಅರ್ಥಶಾಸ್ತ್ರದ ದಪ್ಪ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಳು, ನೇರ, ಅಚ್ಚುಕಟ್ಟಾದ ಗೆರೆ.

ಮುಂದಿನ ವರ್ಷ ಅವಳಿಗೆ ಹಾಸ್ಟೆಲ್ ಸಿಗುತ್ತದಂತೆ. ನಾನು ಊರಿಗೆ ಹೋಗಬಹುದು. ಊರು ಬೇಕೆಂದು ಜೀವ ಒದ್ದಾಡುತ್ತದೆ. ಆ ಬಯಲು, ಆ ಗಾಳಿ, ಸಂಜೆ ಕಟ್ಟೆಯ ಮೇಲಿನ ಹೆಂಗಸರ ಮಾತು. ಆದರೆ ಹೋದ ದಿನವೇ ಕಟ್ಟೆಯ ಮೇಲೆ ಎಲ್ಲರೂ ನೀಲಾ ಆರಾಮ ಅದಾಳಲ್ಲ ಎಂದು ಕೇಳುತ್ತಾರೆ. ಅತ್ತಿಯವರು ಕೇಳುವುದಿಲ್ಲ, ನನ್ನ ಮುಖ ನೋಡುತ್ತ ಕುಳಿತಿರುತ್ತಾರೆ. ಇಲ್ಲಿದ್ದರೆ ಅದಕ್ಕೆ ಉತ್ತರ ನನಗೆ ದಿನವೂ ಕಣ್ಣೆದುರಿಗೇ ಇರುತ್ತದೆ, ಯಾರೂ ಕೇಳುವುದಿಲ್ಲ. ಅಲ್ಲಿದ್ದರೆ ಹೇಳಬೇಕಾಗುತ್ತದೆ.